ಕಾಕಾ ಕುಡಿಯದೆ ಹೋದ ಕಾಫಿ

ನಿಪ್ಪಾಣಿ,
ಮಂಗಳವಾರ, 11 ಜೂನ್ 2013

ಪ್ರೀತಿಯ ಅಕ್ಕಾ,

ನಿನ್ನ ಕೆಮ್ಮು ಈಗ ಹೇಗಿದೆ? ಐನಾಪುರದ ಡಾಕ್ಟರ ಔಷಧಿಯನ್ನು ಅರ್ಧಕ್ಕೇ ಬಿಟ್ಟಿರುತ್ತೀ, ನನಗೆ ಗೊತ್ತು. ಪೂರ್ತಿ ಕುಡಿ. ನಾನೂ ರೂಪಾಲಿಯೂ ಆರೋಗ್ಯವಾಗಿದ್ದೇವೆ. ಇಲ್ಲಿ ವಾರದಿಂದ ಮೋಡ ಬಿಟ್ಟಿಲ್ಲ, ಮಳೆ ಮಾತ್ರ ನೆಟ್ಟಗೆ ಬಂದಿಲ್ಲ. ಫೋನ್ ಮಾಡಬಹುದಿತ್ತು. ಆದರೆ ಈ ಮನೆಯಲ್ಲಿ ನಾನು ಫೋನ್ ಹಿಡಿದರೆ ಸಾಕು, ನನಗೆ ಸರಿಯಾಗಿ ಕೇಳಿಸಲಿ ಎಂದು ಅತ್ತೆಯವರು ಟಿ.ವಿ. ಸದ್ದು ಕಡಿಮೆ ಮಾಡುತ್ತಾರೆ. ಪ್ರೀತಿಯಿಂದಲೇ. ಆಮೇಲೆ ನನ್ನ ಮಾತು ಎಲ್ಲರಿಗೂ ಕೇಳಿಸುತ್ತದೆ. ಹಾಗಾಗಿ ಶಾಲೆಯ ಸ್ಟಾಫ್ ರೂಮಿನಲ್ಲಿ ಕುಳಿತು ಬರೆಯುತ್ತಿದ್ದೇನೆ.

ನೇಮಿನಾಥ ಕಾಕಾ ಮಾತು ಆಗಲಿಲ್ಲ ಎಂದಷ್ಟೇ ನಿನಗೆ ಹೇಳಿರಬೇಕು. ಯಾಕೆ ಆಗಲಿಲ್ಲ ಎಂಬುದನ್ನು ನಾನೇ ಬರೆಯಬೇಕು. ಅಥಣಿಯ ಕಾಲೇಜಿನ ಲ್ಯಾಬಿನಲ್ಲಿ ನನಗೆ ಕೆಲಸ ಸಿಕ್ಕಿರುವುದು, ಇರಲು ಎರಡು ಕೋಣೆ ಕೊಡುವುದು ನಿನಗೆ ಗೊತ್ತು. ಮನೆ ಅಳಿಯನಾಗಿ ಬಂದವನು ತಾನೇ ಬಾಯಿ ತೆರೆದು, ನಿಮ್ಮ ಒಬ್ಬಳೇ ಮಗಳನ್ನು ಕರೆದುಕೊಂಡು ಹೋಗುತ್ತೇನೆ ಎನ್ನುವುದು ಚೆನ್ನಾಗಿರುವುದಿಲ್ಲ, ನಮ್ಮ ಕಡೆಯ ಹಿರಿಯರು ಕೇಳಬೇಕು ಎಂದೇ ಕಾಕಾ ಶುಕ್ರವಾರ ಬಂದರು. ರೂಪಾಲಿಗೂ ಹೋಗುವ ಮನಸ್ಸಿದೆ. “ನಾ ಬರ್ತೇನ್ರಿ. ಆದ್ರ ಅಪ್ಪಾಗ ನಾ ಹೇಳಂಗಿಲ್ಲ” ಎಂದಿದ್ದಾಳೆ.

ಕೆಟ್ಟದ್ದು ಕಾಫಿ ಯಂತ್ರ. ಮಾವನವರು ಹೋದ ಚಳಿಗಾಲದಲ್ಲಿ ಕೊಲ್ಹಾಪುರದ ಒಂದು ಪ್ರದರ್ಶನದಿಂದ ಎಸ್ಪ್ರೆಸೊ ಮಷಿನ್ ತಂದಿದ್ದಾರೆ. ನಾವೆಲ್ಲ ಕುಡಿಯುವುದು ಚಹಾ. ಮಷಿನ್ ಇರುವುದು ತಂಬಾಕಿನ ವ್ಯಾಪಾರಿಗಳಿಗೆ ಮತ್ತು ಬೀಗರಿಗೆ. ನೀರು ಕಾದಾಗ ಅದರ ಮುಂದೆ ಒಂದು ಹಸಿರು ದೀಪ ಹತ್ತಬೇಕು, ಹತ್ತುವ ತನಕ ಗುಂಡಿ ಒತ್ತಬಾರದು ಎಂದು ಅದರ ಪುಸ್ತಿಕೆಯಲ್ಲಿದೆ. ಶುಕ್ರವಾರ ಸಂಜೆ ಆ ದೀಪ ಹತ್ತಲಿಲ್ಲ.

ಕಾಕಾ ಬಂದು ಕುಳಿತವರೇ “ನಮ್ಮ ಶ್ರೇಣಿಕಂದ ಒಂದ ಮಾತ ಇತ್ರಿ” ಎಂದರು. ಮಾವನವರು ಕೈ ಅಡ್ಡ ಮಾಡಿದರು. “ಇರ್ರಿ ಇರ್ರಿ. ಬರೇ ಬಾಯಿಲೆ ಎಂಥಾ ಮಾತ್ರಿ? ಮೊದಲ ಕಾಫಿ.” ಒಳಗಿನಿಂದ ಅತ್ತೆಯವರು “ಹತ್ತವಲ್ದರಿ” ಎಂದರು. “ಹತ್ತತೈತಿ, ತಡಿ” ಎಂದರು ಮಾವನವರು. ಹಬೆಯ ಸದ್ದು ಪಡಸಾಲೆಗೆ ಕೇಳುತ್ತಿತ್ತು. ನೀರು ಕಾದಿದೆ, ಕೆಟ್ಟಿರುವುದು ದೀಪ ಎಂದು ನಾನು ಹೇಳಿದೆ. “ಅಳಿಯಂದ್ರ, ಕಂಪನ್ಯಾವ್ರಿಗಿಂತ ನಿಮಗ ಹೆಚ್ಚ ಗೊತ್ತೇನ್ರಿ?” ಎಂದು ಅವರು ನಕ್ಕರು. ಕಾಕಾನೂ ನಗಬೇಕಾಯಿತು. ರೂಪಾಲಿ ಚಹಾಕ್ಕೆ ಪಾತ್ರೆ ಇಟ್ಟ ಸದ್ದಾಯಿತು. “ಬೀಗರಿಗಿ ಬರೇ ಚಾ ಕೊಟ್ಟ ಕಳಸೂದನ?” ಎಂದು ಮಾವನವರು ಅದನ್ನೂ ಒಲೆಯಿಂದ ಇಳಿಸಲು ಹೇಳಿದರು. ಹೊತ್ತು ಮುಳುಗಿದ ಮೇಲೆ ಏನನ್ನೂ ಬಾಯಿಗೆ ಹಾಕದ ನೇಮ ಕಾಕಾನದು, ಮಾವನವರದೂ ಅದೇ. ಮೋಡದಲ್ಲಿ ಸೂರ್ಯ ಕಾಣುತ್ತಿರಲಿಲ್ಲ, ಇಬ್ಬರೂ ಗೋಡೆ ಗಡಿಯಾರ ನೋಡುತ್ತ ಕುಳಿತರು. ಕೊನೆಗೆ ಕಾಕಾ ಎದ್ದರು. “ಆತ್ರಿ ಬೀಗರ. ಹೊತ್ತ ಮುಳಗಿತು. ಇನ್ನ ನನಗ ನಡಿಯಂಗಿಲ್ಲ, ಬಸ್ಸೂ ತಪ್ಪತೈತಿ.” ಬಂದ ಮನೆಯಲ್ಲಿ ಒಂದು ಗುಟುಕೂ ಕುಡಿಯದೆ ಎದ್ದವರು, ಮಗಳನ್ನು ಕಳಿಸಿಕೊಡಿ ಎಂದು ಯಾವ ಬಾಯಿಂದ ಕೇಳಬೇಕು?

ಮಾವನವರಿಗೆ ಅವಮಾನವಾಗಿತ್ತು. “ಬೀಗರು ಹಂಗ ಹೋದ್ರಲ್ಲ” ಎಂದು ಮರುದಿನವೂ ಅನ್ನುತ್ತಿದ್ದರು. ಅಂದೇ ನಾನು ಪ್ಲಗ್ ತೆಗೆದು, ಮಷಿನ್ ಪೂರ್ತಿ ತಣ್ಣಗಾದ ಮೇಲೆ ಹಿಂದಿನ ತಿರುಪು ಬಿಚ್ಚಿದೆ. ದೀಪವೆಂದರೆ ಹುಣಸೆಬೀಜದಷ್ಟು ಗಾಜು, ಎರಡು ತಂತಿ. ಗಾಜು ಒಳಗಿನಿಂದ ಕಪ್ಪಾಗಿತ್ತು. ಮಾಯಪ್ಪನ ಎಲೆಕ್ಟ್ರಿಕ್ ಅಂಗಡಿಯಲ್ಲಿ ಅದೇ ಅಳತೆಯದು ಸಿಕ್ಕಿತು, ಆದರೆ ಹಸಿರು ಇರಲಿಲ್ಲ, ಕೆಂಪು. ತಂತಿ ಸೇರಿಸಿ, ಬಿಸಿ ತಾಗದಂತೆ ಕೊಳವೆ ಹೊದಿಸಿ, ಮುಚ್ಚಿ, ಪ್ಲಗ್ ಹಾಕಿದೆ. ನೀರು ಕಾಯಿತು, ದೀಪ ಹತ್ತಿತು. “ಕೆಂಪ ಅಂದ್ರ ನಿಲ್ಲು ಅಂತಲ್ಲೇನ್ರಿ?” ಎಂದರು ಅತ್ತೆಯವರು. “ಅದು ರಸ್ತಾದಾಗ. ನಮ್ಮನ್ಯಾಗ ಕುಡಿ ಅಂತ” ಎಂದರು ಮಾವನವರು. ಎಲ್ಲರೂ ನಕ್ಕೆವು.

ಭಾನುವಾರ ಅದನ್ನು ನೋಡಲು ಓಣಿಯವರನ್ನೆಲ್ಲ ಕರೆದರು. “ಇಂಥಾ ಅಳಿಯನ್ನ ಯಾರರೆ ಮನಿ ಬಿಟ್ಟ ಕಳಸತಾರೇನು?” ಎಂದು ಎಲ್ಲರೆದುರು ನನ್ನ ಬೆನ್ನು ತಟ್ಟಿದರು. ಅಥಣಿಯ ವಿಷಯ ಅವರಿಗೆ ಏನೂ ಗೊತ್ತಿಲ್ಲ. ಆ ತಿರುಪುಗಳನ್ನು ನಾನು ನನ್ನ ಮೇಲೆಯೇ ಬಿಗಿದುಕೊಂಡಂತಾಯಿತು. ಈಗ ಮನೆಯಲ್ಲಿ ನನ್ನ ಮೇಜಿನ ಮೇಲೆ ರಿಪೇರಿಗೆ ಬಂದ ಯಾರದೋ ಮಿಕ್ಸರ್, ಯಾರದೋ ಇಸ್ತ್ರಿಪೆಟ್ಟಿಗೆ. ಅವರು ಕೆಟ್ಟವರಲ್ಲ ಅಕ್ಕಾ. ಕೆಟ್ಟವರಾಗಿದ್ದರೆ ಜಗಳವಾಡಿ ಹೊರಡಬಹುದಿತ್ತು. ಊಟಕ್ಕೆ ಕುಳಿತರೆ ತುಪ್ಪದ ಗಿಂಡಿ ನನ್ನ ಕಡೆಗೇ ಮೊದಲು ಬರುತ್ತದೆ. ಸಾಕು ಎಂದರೂ ಬೀಳುತ್ತದೆ. ನಾನು ಬಾಯಿ ಮುಚ್ಚಿ ಉಣ್ಣುತ್ತೇನೆ.

ಗಂಟೆ ಹೊಡೆಯಿತು, ತರಗತಿ ಇದೆ. ಭಾವನವರಿಗೆ ನನ್ನ ನಮಸ್ಕಾರ, ಮಕ್ಕಳ ತಲೆ ನೇವರಿಸು. ನಿನ್ನ ಆಶೀರ್ವಾದ ನಮ್ಮಿಬ್ಬರ ಮೇಲಿರಲಿ.

ನಿನ್ನ ತಮ್ಮ,
ಶ್ರೇಣಿಕ

ತಾ.ಕ.: ಇದನ್ನು ಮೇಲೆಯೇ ಬರೆಯಬೇಕಿತ್ತು, ಕೈ ಬರಲಿಲ್ಲ. ಇಂದು ಬೆಳಿಗ್ಗೆ ನಾನೇ ಮಾವನವರಿಗೆ ಹೇಳಲು ಹೋದೆ. “ಕುಂಡ್ರಿ ಅಳಿಯಂದ್ರ, ಕಾಫಿ ಕುಡದ ಮಾತಾಡೂಣು” ಎಂದರು. ಕುಳಿತೆ. ಕುಡಿದೆ. ಆಮೇಲೆ ಅವರು ಒಂದು ನಕ್ಷೆ ಬಿಚ್ಚಿ ತೋರಿಸಿದರು. ನಮಗೆಂದು ಮಾಳಿಗೆಯ ಮೇಲೆ ಎರಡು ಕೋಣೆ ಕಟ್ಟಿಸುತ್ತಾರಂತೆ. ನಾನು ಕಿಟಕಿ ಎಲ್ಲಿ ಬರುತ್ತದೆ ಎಂದು ಕೇಳಿ ಎದ್ದು ಬಂದೆ. ಅಥಣಿಯಲ್ಲಿ ಹಾಜರಾಗಲು ಸೋಮವಾರ ಕೊನೆಯ ದಿನ. ಭಾನುವಾರ ಬೆಳಿಗ್ಗೆ ಮೊದಲ ಬಸ್ಸಿಗೆ ನೀನೇ ಬಾ. ರೂಪಾಲಿ ಬಟ್ಟೆ ಮಡಚಿ ಇಟ್ಟಿದ್ದಾಳೆ. ಹೊಸ್ತಿಲಲ್ಲಿ ನಿಂತೇ ಎಲ್ಲವನ್ನೂ ಹೇಳಿ ಮುಗಿಸು. ಅವರು ಕುಂಡ್ರಿ ಅನ್ನುತ್ತಾರೆ. ಕೂಡ್ರಬೇಡ.