ಬೋಳು ಕಾಡಿನ ನೀರು ಕುಡಿದವರು

ಮೋಟುಕಾಡು, ಹೆಗ್ಗಡದೇವನಕೋಟೆಯ ಆಚೆ
ಉಪ್ಪೇರಿದ ನೂರಾ ನಲವತ್ತನೆಯ ವರ್ಷ, ಮುತ್ತುಗ ಹೂಬಿಟ್ಟ ವಾರ

ನಮಗಿಂತ ಮುಂಚೆ ಬಾಳಿದ ಹಿರಿಯರಿಗೆ,

ಈ ತಾರೀಖು ನಿಮ್ಮ ಯಾವ ಪಂಚಾಂಗದಲ್ಲೂ ಸಿಗುವುದಿಲ್ಲ, ಹುಡುಕಬೇಡಿ. ಕಡಲು ನಮ್ಮವರ ಬಾವಿಗಳಿಗೆ ನುಗ್ಗಿದ ವರ್ಷವನ್ನು ‘ಉಪ್ಪೇರಿದ ವರ್ಷ’ ಎನ್ನುತ್ತೇವೆ. ನಮ್ಮ ಕಾಲದ ಲೆಕ್ಕವೆಲ್ಲ ಅಲ್ಲಿಂದಲೇ. ಇಂಥ ಪದಗಳು ಮುಂದೆಯೂ ಬರುತ್ತವೆ, ಕ್ಷಮಿಸಿ. ನಾನು ಸುಗಂಧಿ ಕರ್ಕೇರ, ಈ ಊರಿನ ಚಿಗುರುಗಾವಲಿನವಳು. ಅಂದರೆ, ಎಲೆ ಉದುರಿದಾಗಿನಿಂದ ಚಿಗುರು ಬರುವವರೆಗೆ ಕಾಡಿನ ಅಂಚಿನಲ್ಲಿ ಕೂತು, ಇದು ಸತ್ತಿಲ್ಲ ಎಂದು ದಾರಿಯಲ್ಲಿ ಬಂದವರಿಗೆಲ್ಲ ಹೇಳುವವಳು. ಇದೂ ಒಂದು ಕೆಲಸವೇ ಎಂದು ನೀವು ನಗಬಹುದು. ನಗಿ, ನಮಗೆ ಅದು ಆಗಬೇಕಾದ್ದೇ.

ನಮ್ಮವರು ಕಡಲ ಕರೆಯ, ಅಂದರೆ ದಡದ, ಮೀನುಗಾರರು. ತೆಂಗು, ಹಲಸು, ಮಾವುಗಳ ನಡುವೆ ಬೆಳೆದು, ವರ್ಷವಿಡೀ ಹಸಿರಾಗಿರುವುದನ್ನೇ ಮರವೆಂದು ತಿಳಿದವರು. ನೀರು ಅಂಗಳಕ್ಕೆ ಬಂದಾಗ ಘಟ್ಟ ಹತ್ತಿ, ಕೊಡಗನ್ನೂ ದಾಟಿ ಇಲ್ಲಿಗೆ ಬಂದರು. ಈ ಕಾಡನ್ನು ಚಿತ್ರಗಳಲ್ಲಿ ಮಾತ್ರ ನೋಡಿದ್ದರು. ನೀವು ತೆಗೆದ ಚಿತ್ರಗಳು, ಎಲ್ಲವೂ ಮಳೆಗಾಲದವು. ಅವರು ಬಂದದ್ದು ಸುಡುಬೇಸಗೆಯಲ್ಲಿ. ತೇಗ, ಮತ್ತಿ, ಹೊನ್ನೆ, ದಿಂಡಿಗ, ಯಾವುದರಲ್ಲೂ ಒಂದೆಲೆ ಇರಲಿಲ್ಲ. ತಿಳಿಹೇಳಬಹುದಾಗಿದ್ದ ಕಾಡಿನ ಜನರನ್ನು ಬಹಳ ಹಿಂದೆಯೇ ಹೊರಗೆ ಕಳಿಸಿಯಾಗಿತ್ತು. ನನ್ನ ಮುತ್ತಜ್ಜಿಯ ತಾಯಿ ವಾರಿಜಕ್ಕ ಆ ಗುಂಪಿಗೆ ಹಿರಿಯಳು. ಒಂದು ತೊಗಟೆಯನ್ನು ಒತ್ತಿ ನೋಡಿ, “ಎಲ್ಲ ಸತ್ತು ಹೋಗಿದೆ ಮಾರಾಯ್ರೆ. ಎಂತದೋ ರೋಗ ಬಂದಿದೆ. ಮಳೆ ಹಿಡಿಯುವ ಮೊದ್ಲು ಕಡಿದು ಮನೆ ಕಟ್ಟುವ” ಎಂದಳಂತೆ.

ಕಡಿದರು. ಹೊನ್ನೆಗೆ ಕೊಡಲಿ ಬಿದ್ದಾಗ ರಕ್ತದಂಥ ಕೆಂಪು ರಸ ಒಸರಿತು. ಇದೇ ರೋಗದ ಗುರುತು ಎಂದರು. ಮತ್ತಿಯ ಸಂಗತಿ ಬರೆಯಲು ನನಗೆ ಕೈ ಬರುವುದಿಲ್ಲ, ಆದರೂ ಬರೆಯುತ್ತೇನೆ. ಕೆಲವು ಮತ್ತಿಮರಗಳು ಬೇಸಗೆಗೆಂದು ಕಾಂಡದ ಉಬ್ಬಿನಲ್ಲಿ ನೀರು ಕೂಡಿಟ್ಟುಕೊಂಡಿರುತ್ತವೆ. ಕೊಡಲಿ ತಾಗಿದ್ದೇ ನೀರು ಮುಖಕ್ಕೆ ಚಿಮ್ಮಿತು. ಬಾಯಾರಿದ್ದವರು ಬೊಗಸೆಯೊಡ್ಡಿ ಕುಡಿದರು, ಮಕ್ಕಳಿಗೂ ಕುಡಿಸಿದರು, ಬಾಯಿ ಒರೆಸಿಕೊಂಡು ಮತ್ತೆ ಕಡಿದರು. ಉಂಡ ಮನೆಗೆ ಎರಡು ಬಗೆಯುವುದು ಎನ್ನುತ್ತಾರಲ್ಲ, ಅದು ನಾವು. ಸತ್ತ ಮರ ನೀರು ಕೊಟ್ಟೀತೇ ಎಂದು ಅಷ್ಟು ಜನರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಮೊದಲ ಮಳೆ ಬಿತ್ತು. ಉದಿಮರದ ಗೂಟ ನೆಟ್ಟರೂ ಬೇರು ಬಿಡುತ್ತದೆ, ನಿಮಗೆ ಗೊತ್ತಿರಬಹುದು. ಗುಡಿಸಲಿನ ಬಾಗಿಲಿಗೆ ನೆಟ್ಟಿದ್ದ ಉದಿಯ ಕಂಬಗಳೆಲ್ಲ ಚಿಗುರಿದವು. ವಾರಿಜಕ್ಕ ಚಿಗುರನ್ನು ಮುಟ್ಟಿ ಮುಟ್ಟಿ ನೋಡಿ, “ಅಯ್ಯೋ ದೇವರೇ, ಇದಕ್ಕೆ ಜೀವ ಉಂಟಲ್ಲ!” ಎಂದಳಂತೆ. ಆ ಕಂಬಗಳಲ್ಲೊಂದು ಈಗ ನಮ್ಮ ಬಾಗಿಲಲ್ಲಿ ದೊಡ್ಡ ಮರವಾಗಿದೆ. ಮಳೆಗಾಲ ಶುರುವಾದರೆ ನಮ್ಮ ಮನೆಯಲ್ಲಿ ಯಾರೂ ಅದರತ್ತ ನೋಡುವುದಿಲ್ಲ.

ಎಲೆ ಉದುರಿಸುವುದು ಮರಕ್ಕೆ ನೀರು ಉಳಿಸುವ ದಾರಿ ಎಂದು ನಮಗೆ ತಡವಾಗಿ ತಿಳಿಯಿತು. ಮರ ಬೋಳಾದಾಗಲೇ ನೆಲಕ್ಕೆ ಬಿಸಿಲು ಇಳಿಯುವುದು, ಹುಲ್ಲಿಗೆ ಜಾಗ ಸಿಗುವುದು. ಎಲೆಯಿಲ್ಲದ ಕೊಂಬೆಯಲ್ಲಿ ಮುತ್ತುಗ ಹೂಬಿಡುತ್ತದೆ, ಹೂವಿಗೆ ಜೇನು ಬರುತ್ತದೆ, ಬಿದ್ದ ಹೂವನ್ನು ಜಿಂಕೆ ತಿನ್ನುತ್ತದೆ. ತರಗೆಲೆ ಕೊಳೆತು ಮಳೆನೀರನ್ನು ನೆಲದಲ್ಲಿ ಹಿಡಿದಿಡುತ್ತದೆ. ಕಾಡು ಹೋದಮೇಲೆ ತೊರೆ ಬತ್ತಿತು, ಜೇನು ಜಿಂಕೆಗಳೂ ಹೋದವು. ಆಮೇಲೆ ಕಡಿದ ಮೋಟುಗಳೇ ನಮ್ಮ ಮೇಲೆ ಕರುಣೆ ತೋರಿ ಚಿಗುರಿದವು. ಹಾಗೆ ಎದ್ದ ಕಾಡನ್ನು ಮೋಟುಕಾಡು ಎನ್ನುತ್ತೇವೆ. ತೇಗ ಬೇಗ ಬಂತು, ಮತ್ತಿ ನಿಧಾನಿಸಿತು. ಹೊನ್ನೆ ನನ್ನ ಕಾವಲಿನಲ್ಲಿ ಒಂದೇ ಒಂದಿದೆ. ಈಗ ನಮ್ಮೂರಿಗೆ ಬಂದ ಸೊಸೆಯಾಗಲಿ ಅಳಿಯನಾಗಲಿ, ಮೊದಲ ಬೇಸಗೆ ಬೋಳು ಮರದಡಿ ಕೂತು ಚಿಗುರು ಕಂಡ ಮೇಲೆಯೇ ಊರಿನವರು. ಆಗ ಮುತ್ತುಗದೆಲೆಯಲ್ಲಿ ಸಿಹಿಯೂಟ ಬಡಿಸುತ್ತೇವೆ. ಏಕೆ ಕೂರಿಸಿದೆವೆಂದು ಮಾತ್ರ ಹೇಳುವುದಿಲ್ಲ.

ನಾಡಿದ್ದು ಮೂಡಣ ಕಡಲಿಂದ ಇನ್ನೊಂದು ಗುಂಪು ಬರುತ್ತಿದೆ. ಅವರ ಊರೂ ಮುಳುಗಿದೆ, ಅವರ ಕೈಯಲ್ಲೂ ಕೊಡಲಿ ಇದೆ, ಅವರ ಮಕ್ಕಳಿಗೂ ಸೂರು ಬೇಕು. ಕಾಡು ಬೋಳಾಗಿ ನಿಂತಿದೆ. ನಮ್ಮ ಹಿರಿಯರು ಸಭೆ ಸೇರಿ, ಮರಗಳಿಗೆ ಅಂಟುರೋಗವಿದೆ, ಮುಟ್ಟಬೇಡಿ ಎಂದು ಹೇಳಿಸಲು ತೀರ್ಮಾನಿಸಿದ್ದಾರೆ. ನಿಜ ಹೇಳಿದರೆ ನಮ್ಮ ಮನೆಯ ತೊಲೆಗಳು ಎಲ್ಲಿಂದ ಬಂದವೆಂದೂ ಹೇಳಬೇಕಾಗುತ್ತದಲ್ಲ. ಕೋತಿ ತಾನು ತಿಂದು ಮೇಕೆಯ ಬಾಯಿಗೆ ಒರೆಸಿದ ಹಾಗಾಯಿತು. “ಊರಿನ ಮರ್ಯಾದೆ ಉಳಿಯುದು ಬೇಡ್ವಾ ಸುಗಂಧಿ?” ಎಂದು ನನ್ನ ದೊಡ್ಡಪ್ಪ ಪೂವಪ್ಪನವರು ಕೇಳಿದರು. ಅಲ್ಲಿ ನಾನು ಬಾಯಿ ಬಿಡಲಿಲ್ಲ, ಅದಕ್ಕೂ ನನಗೆ ನಾಚಿಕೆ. ರೋಗದ ಮರವೆಂದೇ ಅಲ್ಲವೇ ನಾವೂ ಕಡಿದದ್ದು?

ಹಾಗಾಗಿ ನಾನೇ ಎದುರುಗೊಳ್ಳಲು ಹೋಗುತ್ತೇನೆ. ಉಬ್ಬಿದ ಮತ್ತಿಯೊಂದನ್ನು ನೋಡಿಟ್ಟಿದ್ದೇನೆ. ಸಣ್ಣ ಗಾಯ ಮಾಡಿ, ಅವರ ಮಕ್ಕಳಿಗೆ ನೀರು ಕುಡಿಸಿ, ಗಾಯಕ್ಕೆ ಮಣ್ಣು ಮೆತ್ತಿ, ಇದನ್ನು ಕುಡಿದ ಮೇಲೂ ನಾವು ಕಡಿದೆವು ಎಂದು ಹೇಳುತ್ತೇನೆ. ಊರಿನವರು ಆಮೇಲೆ ನನ್ನನ್ನು ಮನೆಗೆ ಸೇರಿಸುತ್ತಾರೋ ಇಲ್ಲವೋ ಗೊತ್ತಿಲ್ಲ.

ನಿಮ್ಮಲ್ಲಿ ಒಂದು ಬೇಡಿಕೆ. ಕೇಳುವ ಮುಖ ನಮಗಿಲ್ಲ, ಆದರೂ ಕೇಳುತ್ತೇನೆ. ನಿಮ್ಮ ಮಕ್ಕಳನ್ನು ಒಮ್ಮೆ ಬೇಸಗೆಯಲ್ಲಿ ಕಾಡಿಗೆ ಕರೆದುಕೊಂಡು ಹೋಗಿ. ಕಡಲ ಕರೆಯ ಮಕ್ಕಳನ್ನು ತಪ್ಪದೆ ಕರೆದೊಯ್ಯಿರಿ. ಬೋಳು ಮರಕ್ಕೆ ಕಿವಿಗೊಟ್ಟು ನಿಲ್ಲುವಂತೆ ಮಾಡಿ, ಇದು ಬದುಕಿದೆ ಎಂದು ಹೇಳಿ. ಅವರಲ್ಲೊಬ್ಬಳು ನನ್ನ ವಾರಿಜಕ್ಕನ ಅಜ್ಜಿಯಾಗಿರಬಹುದು.

ತಲೆ ತಗ್ಗಿಸಿಕೊಂಡೇ,
ನಿಮ್ಮ ಸುಗಂಧಿ