ಭಟ್ಟಿ ಮನೆಯ ಒಪ್ಪಿಗೆ

ಬೇಡಕಿಹಾಳ
21 ನವೆಂಬರ್ 1993

ತಂಗಿ ಚನ್ನವ್ವನಿಗೆ ಅಣ್ಣ ಧರೆಪ್ಪನ ಆಶೀರ್ವಾದಗಳು.

ನಾವೆಲ್ಲ ಇಲ್ಲಿ ಆರಾಮ. ಅಥಣಿಯಲ್ಲಿ ನೀನೂ ಕಸ್ತೂರಿಯೂ ಆರಾಮ ಇದ್ದೀರೆಂದು ನಂಬಿದ್ದೇನೆ. ಕಸ್ತೂರಿಯನ್ನು ನಮ್ಮ ಮನೆಗೆ ಕೊಡುವ ಮಾತೆತ್ತಿ ನಾಗರಪಂಚಮಿಗೆ ಮುಂಚೆ ನೀನು ಬರೆದ ಪತ್ರಕ್ಕೆ ದೀಪಾವಳಿ ಮುಗಿದ ಮೇಲೆ ಉತ್ತರ ಬರೆಯುತ್ತಿದ್ದೇನೆ. ಬೈಯುವುದಿದ್ದರೆ ಮೊದಲು ಬೈದು ಮುಗಿಸು, ಆಮೇಲೆ ಓದು. ನಾಲ್ಕು ಸಲ ಬರೆದು ನಾಲ್ಕು ಸಲವೂ ಹರಿದು ಹಾಕಿದೆ. ಕುಂತಲ್ಲಿ ಕೂಡಲಾರೆ, ನಿಂತಲ್ಲಿ ನಿಲ್ಲಲಾರೆ, ಹಾಗಾಗಿದೆ ನನ್ನ ಬಾಳು. ಊಟಕ್ಕೆ ಕುಳಿತವನು ಎದ್ದು ಭಟ್ಟಿಗೆ ಹೋಗುತ್ತೇನೆ, ಭಟ್ಟಿಯಲ್ಲಿ ಕೈಗೆ ಕೆಲಸ ಹತ್ತದೆ ಮತ್ತೆ ಮನೆಗೆ ಬರುತ್ತೇನೆ. ಅಷ್ಟರಲ್ಲಿ ರೊಟ್ಟಿ ಆರಿರುತ್ತದೆ.

ಪಂಚಮಿಗೆ ನಿನ್ನನ್ನು ಕರೆಯಲು ನಾನು ಬರದೆ ಮಗ ಮುರಗೆಪ್ಪನನ್ನು ಕಳಿಸಿದ್ದು ತಪ್ಪು. ನೀನು ಬರಲಿಲ್ಲ, ಸರಿಯಾಗಿಯೇ ಮಾಡಿದೆ. ಆದರೆ ಅವನ ಕೈಯಲ್ಲಿ ಹೇಳಿ ಕಳಿಸಿದ ಮಾತು ಇನ್ನೂ ಚುಚ್ಚುತ್ತಿದೆ. "ನಿಮ್ಮಪ್ಪಗ ಹೇಳು. ನಾವು ಬಡವರಾಗೇವಂತ ಕಸ್ತೂರಿನ್ನ ಒಲ್ಲೆ ಅನ್ನೂದಿದ್ರ ಬಾಯಿ ಬಿಟ್ಟ ಅನ್ನಲಿ" ಅಂದೆಯಂತೆ. ಹುಚ್ಚಿ, ನಿನ್ನ ಮಗಳಿಗೆ ತೂಕ ಹಾಕುವಷ್ಟು ನಾನು ಕೆಟ್ಟಿಲ್ಲ. ನನ್ನ ಮಗನಿಗೆ ನನ್ನ ತಂಗಿಯ ಮಗಳು ಬರಬೇಕೆಂದು ಅವಳು ಹುಟ್ಟಿದ ದಿನವೇ ಬಾಣಂತಿ ಕೋಣೆಯ ಬಾಗಿಲಲ್ಲಿ ನಿಂತು ಹೇಳಿದವನು ನಾನೇ ಅಲ್ಲವೇ.

ಮುರಗೆಪ್ಪನಿಗೂ ಮನಸ್ಸಿದೆ. ಬಾಯಿ ಬಿಟ್ಟು ಹೇಳುವುದಿಲ್ಲ, ಆದರೆ ಅಥಣಿ ಕಡೆಯ ಗಾಡಿ ಭಟ್ಟಿಗೆ ಬಂದರೆ ಎಲ್ಲರಿಗಿಂತ ಮೊದಲು ಓಡುತ್ತಾನೆ. ನಿನ್ನ ಅತ್ತಿಗೆ ಸೋನಾಬಾಯಿಯಂತೂ ಸೀರೆ ಯಾವ ಬಣ್ಣದ್ದೆಂದು ಲೆಕ್ಕ ಹಾಕುತ್ತಿದ್ದಾಳೆ. ಹೋದ ವಾರ ನನ್ನನ್ನೇ ಹಿಡಿದು ನಿಲ್ಲಿಸಿದಳು. "ತಂಗಿ ಮಗಳನ್ನ ತರಾಕ ಇಷ್ಟ ದಿನಾ ಯಾರ ಯೋಚನಿ ಮಾಡ್ತಾರ? ನಿಮ್ಮ ಹೊಟ್ಟ್ಯಾಗ ಏನೋ ಐತಿ" ಅಂದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ಹಾಗೆ ನಾನು ಅವಳ ಮೇಲೇ ರೇಗಿ ಹೊರಗೆ ಹೋದೆ.

ಭಟ್ಟಿಯ ಸುದ್ದಿ ಹೇಳಬೇಕೆಂದರೆ, ಹಂಗಾಮು ಶುರುವಾಗಿದೆ. ಸಕ್ಕರೆ ಕಾರ್ಖಾನೆಯಿಂದ ಕಾಕಂಬಿಯ ಟ್ಯಾಂಕರುಗಳು ಬರುತ್ತಿವೆ. ಆ ಕಪ್ಪು ಪಾಕ ಕೊಳೆತು ಉಕ್ಕುವ ವಾಸನೆ ನಿನಗೆ ಸೇರುತ್ತಿರಲಿಲ್ಲ, ಸೆರಗು ಮೂಗಿಗೆ ಹಿಡಿದೇ ತವರಿಗೆ ಬರುತ್ತಿದ್ದೆ. ಅದಕ್ಕಿಂತ ಅಪ್ಪನ ಗಾಣವೇ ಚೆನ್ನಾಗಿತ್ತು ಅನ್ನುತ್ತಿದ್ದೆ. ಹೌದು, ಚೆನ್ನಾಗಿತ್ತು. ಕೊಪ್ಪರಿಗೆ ಕುದಿಯುವಾಗ ದಾರಿಹೋಕರು ಯಾರೇ ಒಳಗೆ ಬರಲಿ, ಅಪ್ಪ ಒಂದು ಚೊಂಬು ಕಬ್ಬಿನ ಹಾಲು, ಅಂಗೈಯಲ್ಲಿ ಬಿಸಿ ಬೆಲ್ಲ ಕೊಡದೆ ಬಿಡುತ್ತಿರಲಿಲ್ಲ. ಜಗಳವಾಡಿದವರು ಬಂದರೂ ಕೊಡಬೇಕು, ಬಂದವರೂ ಒಲ್ಲೆ ಅನ್ನಬಾರದು. ನಾನು ಗಾಣ ಕಿತ್ತು ಲೈಸೆನ್ಸು ತಂದು ರಮ್ ಇಳಿಸಲು ನಿಂತಾಗ, "ಏನರ ಮಾಡ್ಕೋ, ಬಂದವರನ್ನ ಬರಿಗೈಲೆ ಕಳಸಬ್ಯಾಡ" ಅಂತ ಅಪ್ಪ ಅಷ್ಟೇ ಹೇಳಿದ್ದರು. ನಾನು ಆ ಮಾತನ್ನು ಭಟ್ಟಿಯಲ್ಲೂ ನಡೆಸಿದೆ, ಬಂದವರಿಗೆಲ್ಲ ಒಂದು ಗ್ಲಾಸು ರಮ್ ಹಿಡಿದೆ. ಅಬಕಾರಿ ಸಾಹೇಬರು ಒಂದು ಗ್ಲಾಸಿಗೆ ಕಣ್ಣು ಮುಚ್ಚುತ್ತಿದ್ದರು. ಗಾಣದ ಮನೆಯವರ ಧಾರಾಳತನ ಎಂದು ಊರೆಲ್ಲ ಹೊಗಳಿತು, ನಾನು ಉಬ್ಬಿದೆ.

ಮಾತು ಎಲ್ಲೆಲ್ಲೋ ಹೋಗುತ್ತಿದೆ. ನೀನು ಕೇಳಿದ್ದು ಒಂದೇ ಮಾತು. ನಮ್ಮ ಕಡೆಯಿಂದ ಒಪ್ಪಿಗೆ ಇದೆ. ವರದಕ್ಷಿಣೆಯ ಮಾತು ಎತ್ತಿದರೆ ನಿನ್ನ ಕಪಾಳಕ್ಕೆ ಬಾರಿಸುತ್ತೇನೆ. ಮಹಾಶಿವರಾತ್ರಿ ಕಳೆದ ಮೇಲೆ ಮುಹೂರ್ತ ನೋಡಿಸೋಣ ಅನ್ನುತ್ತಾಳೆ ಸೋನಾಬಾಯಿ.

ಕಸ್ತೂರಿಗೆ ನನ್ನ ಆಶೀರ್ವಾದ ಹೇಳು. ನಿನ್ನ ಮಂಡಿನೋವಿಗೆ ಎಣ್ಣೆ ತಂದಿಟ್ಟಿದ್ದೇನೆ, ಸುಖವಾಗಿರು.

ನಿನ್ನ ಅಣ್ಣ
ಧರೆಪ್ಪ

ತಾ.ಕ.: ಲಕೋಟೆಗೆ ಅಂಟು ಹಚ್ಚಿದ್ದೆ, ಮತ್ತೆ ಬಿಚ್ಚಿದೆ. ಮೇಲೆ ಬರೆದದ್ದೆಲ್ಲ ನಿಜ, ಆದರೆ ಬರೆಯಬೇಕಾದದ್ದನ್ನೇ ಬರೆದಿಲ್ಲ.

ಒಂಬತ್ತು ವರ್ಷದ ಹಿಂದಿನ ಪಂಚಮಿ ನೆನಪು ಮಾಡಿಕೋ. ತವರಿಗೆ ಬಂದಿದ್ದ ನಿನ್ನನ್ನು ಕರೆದೊಯ್ಯಲು ನಿನ್ನ ಯಜಮಾನರು ಆಬಾಸಾಹೇಬರು ಬಂದಿದ್ದರು. ನಮ್ಮ ಭಟ್ಟಿಯ ಮೊದಲ ರಮ್ಮಿನ ಪೀಪಾಯಿ ತೆರೆದದ್ದು ಅಂದೇ. ಭಟ್ಟಿಯಲ್ಲಿ ಹತ್ತು ಜನ ದೊಡ್ಡವರು ಕುಳಿತಿದ್ದರು. ಎಲ್ಲರಿಗೂ ಕೊಟ್ಟಂತೆ ನಿನ್ನ ಗಂಡನಿಗೂ ಗ್ಲಾಸು ಹಿಡಿದೆ. ವರ್ಷ ವರ್ಷ ಪಂಢರಪುರಕ್ಕೆ ನಡೆದು ಹೋಗುವ ಮನುಷ್ಯ, ಕೊರಳಲ್ಲಿ ತುಳಸಿ ಮಣಿಯ ಮಾಳ. "ಮಾಳ ಹಾಕೇನ್ರಿ, ನನಗ ಬ್ಯಾಡ್ರಿ" ಅಂದರು. ಎರಡು ಸಲ ಅಂದರು. ಹತ್ತು ಜನರೆದುರು ನನಗೆ ಅವಮಾನವಾದಂತಾಯಿತು. "ಅಪ್ಪನ ಗಾಣದಾಗ ಕಬ್ಬಿನ ಹಾಲ ಕುಡದೀರಿ. ಇದೂ ಕಬ್ಬಿಂದ ಐತಿ. ಇದನ್ನ ಒಲ್ಲೆ ಅಂದ್ರ ನಮ್ಮ ಮನೀನ ಒಲ್ಲೆ ಅಂದಂಗ" ಅಂದೆ. ಅವರು ಮಾಳ ತೆಗೆದು ನನ್ನ ಕೈಗೆ ಕೊಟ್ಟು, ಕುಡಿದರು. ನಾನು ನಕ್ಕೆ. ಎಲ್ಲರೂ ನಕ್ಕರು.

ಮಾಳ ಕೃಷ್ಣಾ ಹೊಳೆಯಲ್ಲಿ ಜಾರಿಹೋಯಿತೆಂದು ನಿನಗೆ ಹೇಳಿದ್ದರಂತೆ. ಹೊಳೆಯಲ್ಲಿ ಹೋಗಿಲ್ಲ ತಂಗಿ. ಅವರು ಅದನ್ನು ವಾಪಸು ಕೇಳಲಿಲ್ಲ. ಮುಂದಿನ ತಿಂಗಳು ನಾನು ಕರೆಯದೆಯೇ ಭಟ್ಟಿಗೆ ಬಂದರು, ಆಮೇಲೆ ವಾರ ವಾರ ಬಂದರು. ಅದೇ ಕುಡಿತದಿಂದ ಸಾಯುವ ತನಕ ನನ್ನ ಹೆಸರು ನಿನ್ನ ಮುಂದೆ ಎತ್ತಲಿಲ್ಲ, ನಿನಗೆ ತವರು ಉಳಿಯಲೆಂದು.

ಅವರ ಮಣ್ಣಿನ ದಿನ ನೀನು ಎದೆ ಬಡಿದುಕೊಂಡು, "ನನ್ನ ಗಂಡಗ ಮೊದಲ ಗುಟುಕು ಕೊಟ್ಟವರ ಮನ್ಯಾಗ ತೊಟ್ಟಲಾ ತೂಗಬಾರ್ದು" ಅಂದೆ. ನಾನು ನಿನ್ನ ಪಕ್ಕದಲ್ಲೇ ನಿನ್ನ ಭುಜ ಹಿಡಿದು ನಿಂತಿದ್ದೆ. ನಿನ್ನ ಪತ್ರ ಬಂದಾಗಿನಿಂದ ನನಗೆ ಅದೊಂದೇ ಮಾತು ಕೇಳಿಸುತ್ತಿದೆ. ಆ ಮನೆ ನನ್ನದು, ಚನ್ನವ್ವ. ನೀನು ಮಗಳನ್ನು ಕೊಡುತ್ತೇನೆ ಅಂದದ್ದು ಆ ಮನೆಗೇ.

ನನಗೆ ಕ್ಷಮೆ ಬೇಡ, ಕೇಳುವ ಬಾಯಿ ಇಲ್ಲ. ಮಾಳವನ್ನು ಈ ಪತ್ರದ ಜೊತೆ ಮುರಗೆಪ್ಪನ ಕೈಯಲ್ಲಿ ಕಳಿಸುತ್ತಿದ್ದೇನೆ. ಅವನಿಗೆ ಏನೂ ಗೊತ್ತಿಲ್ಲ, ಅವನ ಮೇಲೆ ಸಿಟ್ಟು ಮಾಡಬೇಡ, ಒಂದು ತುತ್ತು ಉಣ್ಣಿಸಿ ಕಳಿಸು. ಕಸ್ತೂರಿಯನ್ನು ಕೊಡುವ ಮನಸ್ಸು ಇನ್ನೂ ಇದ್ದರೆ, ಮೊದಲು ಆ ಶಾಪವನ್ನು ಬಾಯಿ ಬಿಟ್ಟು ಹಿಂದಕ್ಕೆ ತೆಗೆದುಕೋ. ಆಗದಿದ್ದರೆ ಮಗಳನ್ನು ಬೇರೆ ಕಡೆ ಕೊಡು. ಆ ಮದುವೆಯಲ್ಲಿ ಸೋದರಮಾವ ನಿಲ್ಲುವ ಜಾಗದಲ್ಲಿ ಬೇರೆ ಯಾರನ್ನಾದರೂ ನಿಲ್ಲಿಸು, ನಾನು ಯಾಕೆಂದು ಕೇಳುವುದಿಲ್ಲ.