ಗುರುವಾರದ ಅಡುಗೆ

ರೌಂಡ್ ರಾಕ್
೧೬ ನವೆಂಬರ್ ೨೦೨೫

ಪ್ರಿಯ ಮೃಣಾಲಿನಿ,

ಡಾಲಸ್ ಪಕ್ಕದ ಫಾರ್ಮರ್ಸ್ ಬ್ರಾಂಚಿನಲ್ಲಿ ನೀವಿಬ್ಬರೂ ಕ್ಷೇಮ ಎಂದುಕೊಂಡಿದ್ದೇನೆ. ನಿನ್ನ ವಾಯ್ಸ್ ಮೆಸೇಜುಗಳೆಲ್ಲ ಬಂದಿವೆ, ಕೇಳಿದ್ದೇನೆ. ಉತ್ತರ ಕೊಡದೆ ಇಷ್ಟು ದಿನ ಸುಮ್ಮನಿದ್ದದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ಫೋನಿನಲ್ಲಾದರೆ ನೀನು ನಗುತ್ತೀಯ, ನಿನ್ನ ನಗು ಕೇಳಿ ನಾನೂ ನಗುತ್ತೇನೆ, ಹೇಳಬೇಕಾದದ್ದು ಹಾಗೇ ಉಳಿದುಬಿಡುತ್ತದೆ. ಅದಕ್ಕೇ ಕಾಗದ.

‘ಮೂರು ಮನೆ’ ಗ್ರೂಪಿನಿಂದ ಯಾಕೆ ಹೊರಗೆ ಹೋದೆ ಎಂದು ಕೇಳಿದ್ದೀಯ. ಮುಂದಿನ ವರ್ಷ ಪೋರ್ಚುಗಲ್ಲಿಗೆ ಹೋಗೋಣ, ಚಟ್ನಿಪುಡಿ ಈಗಿನಿಂದಲೇ ಮಾಡಿಡು ಎಂದೂ ಹೇಳಿದ್ದೀಯ. ನಾನು ಬರುವುದಿಲ್ಲ. ಇದನ್ನು ಮೊದಲೇ ಬರೆದುಬಿಟ್ಟರೆ ಮಿಕ್ಕದ್ದು ಬರೆಯುವುದು ಸಲೀಸು.

ಮೂರು ಮನೆ ಎಂದರೆ ಡಾಲಸ್‌ನ ನೀವು, ಹ್ಯೂಸ್ಟನ್ನಿನ ಡಾಕ್ಟರ್ ವೆಂಕಟಗಿರಿ ಮತ್ತು ಸರೋಜಾ, ಆಸ್ಟಿನ್ ಕಡೆಯ ನಾವು. ಈಗ ‘ನಾವು’ ಇಲ್ಲ, ನಾನು. ಹೋದ ವರ್ಷ ಮೋಹನರಾಜ ತೀರಿಕೊಂಡ ಮೇಲೆ ಗ್ರೂಪಿನ ಹೆಸರನ್ನು ಎರಡೂವರೆ ಮನೆ ಎಂದು ಬದಲಿಸಬೇಕಿತ್ತು, ನೀವು ಮರ್ಯಾದಸ್ಥರು, ಬದಲಿಸಲಿಲ್ಲ.

ವಲೆನ್ಸಿಯಾ ನಮ್ಮವರ ಹುಚ್ಚು ಎನ್ನುವುದು ನಿನಗೆ ಗೊತ್ತಿತ್ತು. ಸ್ಪೇನಿನಲ್ಲಿ ಬೇರೆ ಎಷ್ಟೋ ಊರುಗಳಿರುವಾಗ ಈ ಕಡಲತಡಿಯ ಊರೇ ಯಾಕೆ ಎಂದು ನಿನ್ನ ಗಂಡ ನಂದಕುಮಾರ್ ಪ್ರತಿ ಸಲ ರೇಗಿಸುತ್ತಿದ್ದರು. ಮದ್ದೂರಿನ ನಾಲೆಯ ಬದಿಯಲ್ಲಿ ಹುಟ್ಟಿದ ಮನುಷ್ಯ ನಮ್ಮವರು. ಗದ್ದೆಗೆ ನೀರು ಬಿಡುವ ನೀರಗಂಟಿಗೂ ರೈತರಿಗೂ ಆಗುವ ಜಗಳ ನೋಡುತ್ತಲೇ ಬೆಳೆದವರು. ಟೆಕ್ಸಸ್ಸಿಗೆ ಬಂದ ಮೇಲೂ ಚರಂಡಿ, ಕಾಲುವೆಗಳ ಇಂಜಿನಿಯರಾಗಿಯೇ ರಿಟೈರ್ ಆದರು, ಸೈಟಿನ ಕೆಲಸಗಾರರ ಜೊತೆ ಮಾತಾಡಿ ಸ್ಪ್ಯಾನಿಷ್ ಕಲಿತರು. ವಲೆನ್ಸಿಯಾದ ದೊಡ್ಡ ಚರ್ಚಿನ ಬಾಗಿಲಲ್ಲಿ ಪ್ರತಿ ಗುರುವಾರ ಮಧ್ಯಾಹ್ನ ಹನ್ನೆರಡಕ್ಕೆ ರೈತರ ನೀರಿನ ಕೋರ್ಟು ಕೂರುತ್ತದೆ ಎಂದು ಎಲ್ಲೋ ಓದಿದ್ದರು. “ಸಾವಿರ ವರ್ಷದಿಂದ ನಡೀತಿದೆಯಂತೆ ಕಣೇ. ವಕೀಲ ಇಲ್ಲ, ಕಾಗದ ಇಲ್ಲ. ಕಪ್ಪು ಅಂಗಿ ಹಾಕ್ಕೊಂಡು ರೈತರೇ ಕೂತು ತೀರ್ಪು ಹೇಳ್ತಾರೆ. ನಮ್ಮಪ್ಪ ನೋಡಿದ್ರೆ ಅಲ್ಲೇ ಕೂತ್ಬಿಡ್ತಿದ್ರು” ಎನ್ನುತ್ತಿದ್ದರು. ಆಸ್ಪತ್ರೆಯಲ್ಲಿದ್ದಾಗಲೂ, ನೀನು ಪಕ್ಕದಲ್ಲೇ ಕೂತಿದ್ದೆ, “ನಾನಂತೂ ಆಗಲ್ಲ, ನೀನು ನೋಡ್ಕೊಂಡು ಬಾ” ಎಂದರು. ನನಗೂ ನೋಡಬೇಕು ಅನ್ನಿಸಿತ್ತು. ಅವರ ಆಸೆ ತೀರಿಸುವುದಕ್ಕೆ ಮಾತ್ರ ಅಲ್ಲ, ನನಗೇ ನೋಡಬೇಕು ಎಂದು.

ಹಾಗಾಗಿ ಈ ವರ್ಷದ ಪ್ರವಾಸಕ್ಕೆ ನೀನು ಫೋನ್ ಮಾಡಿ, “ವಲೆನ್ಸಿಯಾ ಬುಕ್ ಮಾಡಿದೀವಿ, ನೀನು ಬರ್ಲೇಬೇಕು. ವೆಂಕಟಗಿರಿ ಅವರು ಗುರುವಾರ ಹೊರಗಡೆ ತಿನ್ನಂಗಿಲ್ಲ, ನೀನಿದ್ರೆ ನಮಗೆಲ್ಲ ಒಂದು ಧೈರ್ಯ” ಎಂದಾಗ ಮೊದಲ ಅರ್ಧ ಮಾತ್ರ ನನ್ನ ಕಿವಿಗೆ ಬಿತ್ತು. ನನ್ನ ಮೃಣಾಲಿನಿ ಮರೆತಿಲ್ಲ ಎಂದು ಕಣ್ಣಲ್ಲಿ ನೀರು ಬಂತು.

ಊರು ಚೆನ್ನಾಗಿತ್ತು, ಸುಳ್ಳು ಹೇಳುವುದಿಲ್ಲ. ಆ ಮಾರ್ಕೆಟ್ಟಿನ ಬಣ್ಣದ ಹೆಂಚುಗಳು, ಗುಡ್ಡೆ ಹಾಕಿದ ಕಿತ್ತಳೆ, ಹೊಳೆಯನ್ನೇ ಬೇರೆ ಕಡೆಗೆ ತಿರುಗಿಸಿ ಅದರ ಪಾತ್ರದಲ್ಲಿ ಬೆಳೆಸಿದ ತೋಟ. ಗಡ್ಡೆಯ ಹಾಲಿನಿಂದ ಮಾಡುವ ಆ ತಣ್ಣನೆಯ ಓರ್ಚಾತ ಕುಡಿದು ಸರೋಜಾ “ಏಲಕ್ಕಿ ಮರೆತಿದಾರೆ” ಎಂದಳು, ನಾವೆಲ್ಲ ಎಷ್ಟು ನಕ್ಕೆವು. ಊರಾಚೆಯ ಗದ್ದೆಬಯಲಿನಲ್ಲಿ ಅಗಲ ಬಾಣಲೆಯಲ್ಲಿ ಮಾಡಿದ ಅಲ್ಲಿಯ ಅನ್ನ, ಪಾಯೆಯಾ ಬಂದಾಗ ನಂದಕುಮಾರ್ ಜೇಬಿನಿಂದ ಪುಳಿಯೋಗರೆ ಗೊಜ್ಜಿನ ಡಬ್ಬಿ ತೆಗೆದು ಕಲಸಿದ್ದನ್ನು ನೋಡಿ ಆ ಹೋಟೆಲಿನವನ ಮುಖ ಸಣ್ಣಗಾಯಿತು. ನನ್ನ ಗೊಜ್ಜು ಅದು. ಬಾಣಲೆಯ ತಳ ಹಿಡಿದ ಕರಿಕಲು ಅನ್ನವೇ ಅಲ್ಲಿಯವರಿಗೆ ಪಂಚಪ್ರಾಣವಂತೆ. ಆ ಚೂರು ನನ್ನ ತಟ್ಟೆಗೆ ಬಿತ್ತು, ನಿಜವಾಗಿಯೂ ರುಚಿಯಾಗಿತ್ತು. ವಲೆನ್ಸಿಯಾದ ಊಟ ಎಂದು ನಾನು ತಿಂದದ್ದು ಅದೊಂದೇ. ಮಿಕ್ಕ ದಿನಗಳಲ್ಲಿ ನಾವು ಹಿಡಿದ ಬಾಡಿಗೆ ಮನೆಯಲ್ಲೇ ಬೆಳಿಗ್ಗೆ ಉಪ್ಪಿಟ್ಟು, ಸಂಜೆ ಚಪಾತಿ ಪಲ್ಯ. “ಕುಮುದಾ, ನಿನ್ನ ಕೈ ರುಚಿ ಈ ಊರಲ್ಲಿ ಯಾರಿಗೂ ಇಲ್ಲ” ಎಂದು ನೀವೆಲ್ಲ ಹೊಗಳಿದಿರಿ. ಹೊಗಳಿಕೆಗೆ ನಾನು ಹಿಗ್ಗುವವಳು, ನಿನಗೆ ಗೊತ್ತು.

ಈಗ ಆ ಗುರುವಾರದ ಮಾತು. ರಾಯರ ವಾರ. ವೆಂಕಟಗಿರಿಯವರಿಗೆ ಈರುಳ್ಳಿ ಬೆಳ್ಳುಳ್ಳಿ ಇಲ್ಲದ, ಮನೆಯಲ್ಲೇ ಮಾಡಿದ ಊಟ ಆಗಬೇಕು, ಅದೂ ಒಂದು ಗಂಟೆಯೊಳಗೆ, ಆಮೇಲೆ ಸಕ್ಕರೆ ಕಾಯಿಲೆಯ ಮಾತ್ರೆ. ನಾನು ಬೆಳಕು ಹರಿಯುವ ಮೊದಲೇ ಎದ್ದು ಸಾರು, ಕೋಸಂಬರಿ, ಹುರುಳಿಕಾಯಿ ಪಲ್ಯ ಮುಗಿಸಿದೆ. ಅನ್ನ ಒಂದು ಆದರೆ ಎಲ್ಲ ಮುಚ್ಚಿಟ್ಟು ಹೊರಡುವುದು, ನೀರಿನ ಕೋರ್ಟು ನೋಡಿಕೊಂಡು ಬಂದು ಬಡಿಸುವುದು. ಚರ್ಚು ನಡೆದುಹೋಗುವಷ್ಟು ಹತ್ತಿರವೇ ಇತ್ತು. ಸೀರೆ ಉಟ್ಟು ತಯಾರಾಗಿದ್ದೆ. ಅವರು ಕೊಡಿಸಿದ್ದ ಹಸಿರು ಮೈಸೂರು ಸಿಲ್ಕ್.

ಆಗ ನಿನ್ನ ಗಂಡ, ಮೂವತ್ತು ವರ್ಷ ಎಲೆಕ್ಟ್ರಿಕಲ್ ಇಂಜಿನಿಯರಾಗಿದ್ದ ಮಹಾನುಭಾವರು, ಡಾಲಸ್ಸಿನಿಂದ ಹೊತ್ತು ತಂದಿದ್ದ ರೈಸ್ ಕುಕ್ಕರನ್ನು ಪ್ಲಗ್ಗಿಗೆ ಸಿಕ್ಕಿಸಿದರು. ಅಮೆರಿಕದ ಕುಕ್ಕರ್ ನೂರಾಹತ್ತು ವೋಲ್ಟಿನದು, ಅಲ್ಲಿಯ ಕರೆಂಟು ಅದರ ಎರಡರಷ್ಟು. “ಅಡಾಪ್ಟರ್ ಹಾಕಿದೀನಲ್ಲ!” ಎಂದರು. ಅಡಾಪ್ಟರ್ ಪ್ಲಗ್ಗಿನ ಆಕಾರವನ್ನಷ್ಟೇ ಬದಲಿಸುತ್ತದೆ ಎಂದು ಮೋಹನರಾಜ ಇದ್ದಿದ್ದರೆ ಹೇಳುತ್ತಿದ್ದರು. ಢಂ ಎಂದಿತು, ಹೊಗೆ ಬಂತು, ಇಡೀ ಮನೆಯ ಕರೆಂಟು ಹೋಯಿತು. ನೀವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿರಿ. ಮನೆಯ ಒಡತಿಯನ್ನು ಹುಡುಕಿ ಕರೆತಂದು ಒಲೆ ಹೊತ್ತುವ ಹೊತ್ತಿಗೆ ಹನ್ನೊಂದೂವರೆ ದಾಟಿತ್ತು. ಗಾಜಿನ ಒಲೆ, ತಳ ತೆಳ್ಳಗಿನ ಪಾತ್ರೆ. ಬಿಟ್ಟು ಹೋದರೆ ಹೊತ್ತುತ್ತದೆ, ನಿಂತರೆ ಹೊತ್ತಾಗುತ್ತದೆ.

“ಎಲ್ಲರೂ ಯಾಕೆ ಮಿಸ್ ಮಾಡ್ಕೋಬೇಕು? ನಾವು ಹೋಗಿ ಜಾಗ ಹಿಡ್ದಿರ್ತೀವಿ. ಅನ್ನ ಆದ ತಕ್ಷಣ ಬಂದ್ಬಿಡೇ” ಎಂದೆ ನೀನು. ವೆಂಕಟಗಿರಿಯವರು ಚಪ್ಪಲಿ ಹಾಕಿಕೊಳ್ಳುತ್ತಾ, “ಅನ್ನ ಸ್ವಲ್ಪ ಮೆತ್ತಗೇ ಇರ್ಲಿ ಕುಮುದಮ್ಮ” ಎಂದರು. ಬಾಗಿಲು ಹಾಕಿಕೊಂಡಿತು. ಅಕ್ಕಿ ಅರ್ಧ ಬೆಂದಿದ್ದಾಗ ಚರ್ಚಿನ ಗಂಟೆ ಹನ್ನೆರಡು ಹೊಡೆಯಿತು. ನಾನು ಸೌಟು ಹಿಡಿದು ನಿಂತಿದ್ದೆ, ರೇಷ್ಮೆ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು.

ನೀವು ವಾಪಸ್ಸು ಬಂದು ಹೇಳಿದ್ದೇನು? “ಅಯ್ಯೋ, ಐದು ನಿಮಿಷ ಕಣೇ. ಕೂತ್ರು, ಏನೋ ಕೂಗಿದ್ರು, ಯಾರೂ ದೂರು ಹೇಳ್ಲಿಲ್ಲ, ಎದ್ದು ಹೋದ್ರು. ನೀನೇನೂ ಮಿಸ್ ಮಾಡ್ಕೊಳ್ಲಿಲ್ಲ.” ಆಮೇಲೆ ತಟ್ಟೆ ಹಾಕು ಎಂದಿರಿ. ಹಾಕಿದೆ. ಅನ್ನ ಮೆತ್ತಗೇ ಇತ್ತು.

ಮಾರನೆಯ ದಿನ ನಮ್ಮ ವಿಮಾನ. ಮುಂದಿನ ಗುರುವಾರ ನಾನು ರೌಂಡ್ ರಾಕಿನಲ್ಲಿ ಬಟ್ಟೆ ಮಡಿಸುತ್ತಿದ್ದೆ. ಆ ಐದು ನಿಮಿಷ ನನ್ನದಾಗಿತ್ತು, ಮೃಣಾಲಿನಿ. ಅದರಲ್ಲಿ ಏನೂ ನಡೆಯಲಿಲ್ಲ ಎನ್ನುವುದನ್ನು ನಾನೇ ನೋಡಿ ಹೇಳಬೇಕಿತ್ತು. ಒಬ್ಬರಾದರೂ, ಒಬ್ಬರೇ ಒಬ್ಬರು, “ಸೌಟು ಇಲ್ಲಿ ಕೊಡು, ನೀನು ಹೋಗು” ಎನ್ನಬಹುದಿತ್ತಲ್ಲ? ವೆಂಕಟಗಿರಿಯವರ ಮಡಿಗೆ ಇಷ್ಟು ಜನ ಕಾವಲಿದ್ದಿರಿ.

ಈ ಕಾಗದ ಓದಿ ನಿನಗೆ ಸಿಟ್ಟು ಬಂದರೆ ಬರಲಿ. ಬಸುರಿ ನಿಹಾರಿಕಾಗೆ ಈಗ ಎಂಟು ತಿಂಗಳು ತುಂಬುತ್ತದಲ್ಲವೇ? ಅವಳು ಹುಟ್ಟಿದಾಗ ನಿನ್ನ ಬಾಣಂತನಕ್ಕೆ ಡಾಲಸ್ಸಿಗೆ ಬಂದು ನಿಂತವಳು ನಾನು. ನನಗೆ ಅವಳ ಮೇಲೆ ಮುನಿಸಿಲ್ಲ. ಹೆರಿಗೆ ಸಲೀಸಾಗಿ ಆಗಲಿ, ತಾಯಿ ಮಗು ತಣ್ಣಗಿರಲಿ. ಅಂಟಿನುಂಡೆ ಮಾಡಿ ಅವಳ ವಿಳಾಸಕ್ಕೇ ಕಳಿಸುತ್ತೇನೆ. ನೀನೂ ನಂದಕುಮಾರರೂ ಆರೋಗ್ಯವಾಗಿರಿ.

ಇಂತಿ,
ಕುಮುದಾ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ಆ ಮನೆಯ ಅಡುಗೆಮನೆಯ ಕಿಟಕಿ ಕಟ್ಟಡದ ನಡುವಿನ ಬಾವಿಯಂಥ ಜಾಗಕ್ಕೆ ತೆರೆಯುತ್ತಿತ್ತು. ನಿನ್ನ ರೂಮಿನ ಕಿಟಕಿಯೂ ಅಲ್ಲಿಗೇ. ಬುಧವಾರ ಸಂಜೆ ನಾನು ಹುರುಳಿಕಾಯಿ ಬಿಡಿಸುತ್ತಿದ್ದಾಗ ಸರೋಜಾ ನಿನಗೆ, “ನಾಳೆ ಅಡುಗೆ ನಾನೇ ಮಾಡ್ತೀನಿ. ಪಾಪ, ಕುಮುದಾ ಹೋಗಿ ನೋಡ್ಲಿ” ಎಂದಳು. ನೀನು ಹೇಳಿದೆ: “ಬೇಡ ಬಿಡೇ. ಈಗ ಅವಳು ಯಾರ ಜೊತೆ ನಿಂತು ನೋಡ್ಬೇಕು? ಅಡುಗೆ ಮಾಡ್ಕೊಂಡಿದ್ರೆ ಅವಳಿಗೂ ಹೊತ್ತು ಹೋಗತ್ತೆ.” ಮರುದಿನ ನಾನು ಅಷ್ಟು ಬೇಗ ಎದ್ದದ್ದು ಅದಕ್ಕೇ, ಅಡುಗೆ ಮುಗಿಸಿ ಹೋಗಲೇಬೇಕು ಎಂದು. ನಿನ್ನ ದನಿಯಲ್ಲಿ ಕೆಟ್ಟತನ ಇರಲಿಲ್ಲ, ಕನಿಕರವೇ ಇತ್ತು. ಕೆಟ್ಟತನ ಇದ್ದಿದ್ದರೆ ಜಗಳವಾಡಿ ಮರೆಯುತ್ತಿದ್ದೆ. ಅವರನ್ನು ಸುಡುವಾಗ ನೀನು ನನ್ನ ಕೈ ಬಿಗಿಯಾಗಿ ಹಿಡಿದು ಪಕ್ಕದಲ್ಲೇ ನಿಂತಿದ್ದೆ. ಅವತ್ತು ನಿನ್ನ ಲೆಕ್ಕದಲ್ಲಿ ಹೋದವರು ಇಬ್ಬರು ಎಂದು ನನಗೆ ಗೊತ್ತಿರಲಿಲ್ಲ.